ಶುಕ್ರವಾರದ ಮ್ಯಾಕರೋನಿ

ಕಾಪುವಿನ ಬಸ್‌ಸ್ಟ್ಯಾಂಡಿನ ಬೆಂಚಿನಲ್ಲಿ ಕೂತು ಉಡುಪಿ ಬಸ್ಸಿಗೆ ಕಾಯುತ್ತಿದ್ದ ಜಲಜಾಕ್ಷಿಯ ಮೂಗಿಗೆ ಮೊದಲು ಹಸಿ ಸಿಗಡಿಯ ವಾಸನೆ ಬಡಿಯಿತು, ಮಾತು ಕಿವಿಗೆ ಬಿದ್ದದ್ದು ಆಮೇಲೆ. ಅದೇ ಬೆಂಚಿನಲ್ಲಿ ಚೀಲ ಹಿಡಿದ ಝೀಟಾಬಾಯಿ, ಅವಳಾಚೆ ಅವಳ ನೆರೆಮನೆಯ ಆಸಿಯಮ್ಮ ಕೂತಿದ್ದರು.

"ಗಂಡ ಬಹರೈನಿಗೆ ವಾಪಸು ಹೋಗಿ ವಾರ ಆಗ್ಲಿಲ್ಲ. ಇಷ್ಟು ಸಿಗಡಿ ಯಾರಿಗೆ, ಬಾಯಿ?" ಆಸಿಯಮ್ಮ ಕೇಳಿದರು.

"ಮ್ಯಾಕರೋನಿಗೆ. ಅವರು ತಂದದ್ದರಲ್ಲಿ ಒಂದು ಪೊಟ್ಟಣ, ಒಂದು ಡಬ್ಬಿ ಚೀಸು ಉಳಿದಿದೆ."

"ಅವರಿಗೆ ಮಾಡಿ ಹಾಕ್ಲಿಲ್ವಾ?"

"ಹಾಕದೆ? ಅಲ್ಲಿಯ ರುಚಿ ಹಿಡಿದಿರಬಹುದು ಅಂತ ನಾನೇ ಬರೆದು ತರಿಸಿದ್ದು. ಹಾಲು, ಮೈದಾ ಕೆನೆಯ ಹಾಗೆ ಕುದಿಸಿ, ಚೀಸು ಕರಗಿಸಿ, ಸಿಗಡಿ ಸೇರಿಸಿ, ಮುಚ್ಚಳದ ಮೇಲೆ ಕೆಂಡ ಇಟ್ಟು ಬೇಯಿಸಿದೆ. ಮೇಲೆ ಚಿನ್ನದ ಬಣ್ಣ ಬಂದಿತ್ತು."

"ಮತ್ತೆಂತ?"

"ಮುಟ್ಟಲಿಲ್ಲ. ಗಂಜಿ ಕೇಳಿದರು. 'ಅಲ್ಲಿ ಪ್ರತಿ ಶುಕ್ರವಾರ ರಜೆ, ಕೋಣೆಯಲ್ಲಿ ಒಬ್ಬನೇ ಕೂತು ಇದನ್ನೇ ತಿನ್ನುವುದು. ಇಲ್ಲಿಯೂ ಬೇಡ ಝೀಟಾ' ಅಂದರು. ನನಗೆ ಸಿಟ್ಟು ಬಂತು. ಇಡೀ ಪಾತ್ರೆ ನಾಯಿಗೆ ಸುರಿದೆ."

"ನಾಯಿಯ ಪುಣ್ಯ ಮಾರಾಯ್ತಿ!"

ಝೀಟಾಬಾಯಿಯೂ ನಕ್ಕಳು. ನಗು ಅರ್ಧದಲ್ಲೇ ನಿಂತಿತು.

"ಇವತ್ತು ಶುಕ್ರವಾರ ಅಲ್ವಾ ಆಸಿಯಮ್ಮ? ಅವರು ಊಟಕ್ಕೆ ಕೂರುವ ಹೊತ್ತಿಗೆ ನಾನೂ ಅದನ್ನೇ ಹಾಕಿಕೊಂಡು ಕೂರುವ ಅಂತ."

ಆಸಿಯಮ್ಮನ ಮಗನೂ ಕಡಲಾಚೆಯೇ ಇದ್ದ.

"ಅಲ್ಲಿ ಮಧ್ಯಾಹ್ನ ಆಗುವಾಗ ಇಲ್ಲಿ ಚಾದ ಹೊತ್ತು. ಅಷ್ಟರವರೆಗೆ ಹಸಿದು ಕೂರ್ತೀರಾ?"

"ಕೂರ್ತೇನೆ."

ಎಲ್ಲೂರಿನ ಬಸ್ಸು ಬಂತು. ಆಸಿಯಮ್ಮ ಸಿಗಡಿ ಚೀಲದ ಒಂದು ಹಿಡಿಕೆಯನ್ನು ತಾವು ಹಿಡಿದುಕೊಂಡರು. ಇಬ್ಬರೂ ಹತ್ತಿಹೋದರು.