ಎಡ ಮಡ್‌ಗಾರ್ಡಿನ ಅಂಚಿನಲ್ಲಿ ಸುಟ್ಟ ಬಣ್ಣ

ನಾನು, ವಯಸ್ಸು ಅರವತ್ತೆಂಟು, ಕಸುಬು ಕಾರುಗಳಿಗೆ ಪಾಲಿಷ್ ಮಾಡುವುದು, ವಾಸ ಅಂಗಡಿಯಿಂದ ಎರಡು ಕಿಲೋಮೀಟರು ದೂರದ ವಿಧವೆ ತಂಗಿಯ ಮನೆ, ಯಾರ ಒತ್ತಾಯವೂ ಇಲ್ಲದೆ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ಅಂಗಡಿಯಲ್ಲಿ ನನ್ನೊಡನೆ ದುಡಿಯುವವನು ತಂಗಿಯ ಒಬ್ಬನೇ ಮಗ, ನನ್ನ ಸೋದರಳಿಯ. ಅವನಿಗೆ ಕಸುಬು ಕಲಿಸಿದವನು ನಾನೇ. ಕಳೆದ ಶನಿವಾರ ಶಾಲೆಯ ಉಪಾಧ್ಯಾಯಿನಿಯೊಬ್ಬರ ಕಪ್ಪು ಕಾರಿನ ಪಾಲಿಷನ್ನು ಸಾಯಂಕಾಲ ನಾಲ್ಕಕ್ಕೆ ಮುಗಿಸಿದೆನು. ಪಾಲಿಷ್ ಯಂತ್ರದ ತಿರುಗುವ ಪ್ಯಾಡಿನ ಹಿಂದೆ ಒಂದು ತಟ್ಟೆ ಇರುತ್ತದೆ. ಬಾಗುವ ತಟ್ಟೆಯು ಕಾರಿನ ಉಬ್ಬುತಗ್ಗುಗಳನ್ನು ಅನುಸರಿಸಿ ನಡೆಯುತ್ತದೆ. ಗಟ್ಟಿ ತಟ್ಟೆಯು ಸಪಾಟಾದ ಬಾಗಿಲುಗಳಿಗೆ ಮಾತ್ರ ಯೋಗ್ಯ. ಗೀರುಗಳನ್ನು ಬೇಗ ತೆಗೆಯುತ್ತದೆ, ಆದರೆ ಅಂಚಿಗೆ ತಗುಲಿದರೆ ಬಣ್ಣವನ್ನು ಸುಟ್ಟು ಒಳಗಿನ ಬೂದು ಪದರವನ್ನು ಬಯಲು ಮಾಡುತ್ತದೆ. ಆ ಕಾರಿಗೆ ನಾನು ಬಾಗುವ ತಟ್ಟೆಯನ್ನೇ ಬಳಸಿದ್ದೆನು. ಕಾರನ್ನೂ ಕೀಲಿಯನ್ನೂ ಅಳಿಯನ ವಶಕ್ಕೆ ಬಿಟ್ಟು ಪ್ರಾರ್ಥನೆಗೆ ಹೊರಟೆನು.

ಭಾನುವಾರ ರಜೆ. ಸೋಮವಾರ ಹನ್ನೊಂದಕ್ಕೆ ನಾನು ಹೋದಾಗ ಕಾರು ಇರಲಿಲ್ಲ. ಯಂತ್ರಕ್ಕೆ ಗಟ್ಟಿ ತಟ್ಟೆ ಹಾಕಿತ್ತು. ಇದೇಕೆಂದು ಕೇಳಲು, ಅಳಿಯನು ನಗುತ್ತಾ, ಅಯ್ಯೋ ಮಾವ, ತಟ್ಟೆಗೂ ತನಿಖೆ ಶುರು ಮಾಡಿದ್ರಾ ಎಂದನು.

ಮಂಗಳವಾರ ಉಪಾಧ್ಯಾಯಿನಿಯ ಬಂಧನವಾಯಿತು. ಶನಿವಾರ ಸಂಜೆ ಆರೂವರೆಗೆ ಆಕೆಯ ಕಾರು ಸೇತುವೆಯ ತಿರುವಿನಲ್ಲಿ, ಸೈಕಲ್ಲಿನಲ್ಲಿ ಪಾಳಿಗೆ ಹೊರಟಿದ್ದ ಕಾವಲುಗಾರನಿಗೆ ಗುದ್ದಿ ನಿಲ್ಲದೆ ಹೋಯಿತೆಂದೂ ಆತನು ಅಲ್ಲಿಯೇ ಪ್ರಾಣಬಿಟ್ಟನೆಂದೂ ಆಗ ತಿಳಿಯಿತು. ತಾನು ಕಾರು ಒಯ್ದದ್ದು ಸೋಮವಾರ ಬೆಳಿಗ್ಗೆಯೆಂದು ಆಕೆ ಹೇಳಿದರು. ಶನಿವಾರ ನಾಲ್ಕೂವರೆಗೇ ಒಯ್ದರೆಂದು ಅಳಿಯನು ಹೇಳಿದನು. ನಾನು ಅಳಿಯನನ್ನು ನಂಬಿದೆನು.

ನಿನ್ನೆ ಬುಧವಾರ ತಾವು ನನ್ನನ್ನು ಕರೆಸಿ ಠಾಣೆಯ ಹಿತ್ತಲಿನಲ್ಲಿ ಕಾರನ್ನು ತೋರಿಸಿದಿರಿ. ಎಡ ಮಡ್‌ಗಾರ್ಡಿನ ಕೆಳ ಅಂಚಿನಲ್ಲಿ, ಬಲಗಡೆಯಿಂದ ಹತ್ತುವವರ ಕಣ್ಣಿಗೆ ಬೀಳದ ಜಾಗದಲ್ಲಿ, ಎರಡು ಬೆರಳಗಲ ಬಣ್ಣ ಸುಟ್ಟು ಬೂದು ಪದರ ಕಾಣುತ್ತಿತ್ತು. ಅದು ಗಟ್ಟಿ ತಟ್ಟೆಯ ಗುರುತು. ನನ್ನ ಕೈಯಿಂದ ಹೋದಾಗ ಇರಲಿಲ್ಲ. ಅದನ್ನು ತಮಗೆ ತಿಳಿಸದೆ ಹೊರಟುಬಂದೆನು.

ಅಂಗಡಿಗೆ ಮರಳಿ ಅಳಿಯನನ್ನು ಕೇಳಿದೆನು. ಅವನು, ಒಂದು ಸುತ್ತು ಹೋಗಿ ಬರೋಣ ಅಂತ ತಗೊಂಡೆ ಮಾವ, ಅವನು ಎಲ್ಲಿಂದ ಬಂದನೋ ಕಾಣಲೇ ಇಲ್ಲ, ಗೀರು ಬೇಗ ಹೋಗಲಿ ಅಂತ ಗಟ್ಟಿದು ಹಾಕಿದೆ, ಕೈ ನಿಲ್ಲಲಿಲ್ಲ ಎಂದನು. ಅನಂತರ, ನೀವು ಸುಳ್ಳು ಹೇಳ್ಬೇಡಿ, ಸುಮ್ಮನಿದ್ರೆ ಸಾಕು, ತಟ್ಟೆ ವಿಷಯ ಪೊಲೀಸರಿಗೇನು ಗೊತ್ತು, ಆ ಟೀಚರಮ್ಮನಿಗೆ ಅಳೋಕೆ ಮನೇಲಿ ಯಾರೂ ಇಲ್ಲ, ನನಗೆ ಅಮ್ಮ ಇದ್ದಾಳೆ ಎಂದನು.

ರಾತ್ರಿ ಮೂವರೂ ಒಟ್ಟಿಗೆ ಉಂಡೆವು. ತಂಗಿಗೆ ಈವರೆಗೆ ಏನೂ ತಿಳಿಯದು. ಯಾಕಣ್ಣ, ಅನ್ನ ಸೇರ್ತಿಲ್ವಾ ಎಂದು ನನ್ನನ್ನು ಎರಡು ಸಲ ಕೇಳಿದಳು.

ಅಳಿಯನು ಈಗ ಅಂಗಡಿಯಲ್ಲಿದ್ದಾನೆ. ನಾನು ಪ್ಯಾಡು ತರಲು ಹೋಗಿರುವೆನೆಂದು ನಂಬಿದ್ದಾನೆ, ಓಡಿಹೋಗಲಾರನು. ಉಪಾಧ್ಯಾಯಿನಿಯನ್ನು ಇಂದೇ ಬಿಡಬೇಕೆಂದು ಪ್ರಾರ್ಥಿಸುತ್ತೇನೆ. ಒಂದು ಗಂಟೆಗೆ ಅವನು ತಾಯಿ ಕಟ್ಟಿಕೊಟ್ಟ ಬುತ್ತಿ ಬಿಚ್ಚುತ್ತಾನೆ. ಊಟ ಮುಗಿಯುವವರೆಗೆ ಮಾತ್ರ ತಾವು ಹೊರಗೆ ನಿಲ್ಲಬೇಕು.

ಭಗವಂತನ ಸಮಕ್ಷಮದಲ್ಲಿ ನುಡಿದ ಈ ಮಾತುಗಳು ಯಥಾರ್ಥ. ಓದಿಸಿ ಕೇಳಿ ಒಪ್ಪಿದ್ದೇನೆ.

ಸ್ಥಳ: ಠಾಣೆ
ದಿನ: ಗುರುವಾರ, ಹನ್ನೆರಡು ಗಂಟೆ ಹತ್ತು ನಿಮಿಷ
ಸಹಿ: (ಹೇಳಿಕೆದಾರ, ಆರೋಪಿಯ ಸೋದರಮಾವ)