ಎರಡು ಲೋಟ ಬೆಲ್ಲದ ನೀರು

ನಾನು ಎತೆಲ್ವಿನಾ ಸಿಯಾಚೊಕೆ, ವಯಸ್ಸು 71, ಉಣ್ಣೆ ನೂಲುವ ಕೆಲಸ, ಓದಿದ್ದು ಎರಡನೇ ಕ್ಲಾಸು, ವಾಸ ಕೊಲಂಬಿಯಾದ ತುಂಹಾ ಹತ್ತಿರ ಎಲ್ ಅಲಿಸೊ ಹಳ್ಳಿ. ಈ ಮೂಲಕ ತಿಳಿಸುವುದೇನೆಂದರೆ:

ನನ್ನ ತಮ್ಮ ಲಿಸಾಂದ್ರೊಗೆ ವಿಷ ಹಾಕಿದಳೆಂದು ಅವನ ಸೊಸೆ ಯಾಮಿಲೆಯನ್ನು ನಿನ್ನೆಯಿಂದ ಠಾಣೆಯಲ್ಲಿ ಕೂರಿಸಿದ್ದೀರಿ. ಅವಳ ಕಂಡರೆ ನನಗಾಗದು. ಒಂದು ಕೋಳಿ ನನ್ನದೋ ಅವಳದೋ ಎಂಬ ವಿಷಯಕ್ಕೆ ಎರಡು ವರ್ಷದಿಂದ ಮಾತಿಲ್ಲ. ಆದರೂ ಹೇಳುತ್ತೇನೆ, ಅವಳು ವಿಷ ಹಾಕಿಲ್ಲ.

ಜುಲೈ 8ರ ಸೋಮವಾರ ಲಿಸಾಂದ್ರೊಗೆ ನೆಗಡಿ, ಜ್ವರ ಬಂತು. ಅವನು ಮಾತ್ರೆ ಮುಟ್ಟುವವನಲ್ಲ. ಮಾತ್ರೆ ನುಂಗುವುದೇ ಪೇಟೆಯವರ ರೋಗ ಅನ್ನುತ್ತಿದ್ದ. ಇಂಥ ಗಂಡಸರಿಗೆ ನಮ್ಮ ಕಡೆ ಹೆಂಗಸರು ಮಾಡುವುದನ್ನೇ ನಾನೂ ಮಾಡಿದೆ. ಅಂಗಡಿಯಲ್ಲಿ ಬಿಡಿಯಾಗಿ ಕತ್ತರಿಸಿ ಕೊಡುವ ಬಿಳಿ ಜ್ವರದ ಮಾತ್ರೆ ಎರಡು ಪುಡಿ ಮಾಡಿ, ಬಿಸಿ ಬೆಲ್ಲದ ನೀರಿಗೆ ಹಾಕಿ, ನಿಂಬೆ ಹಿಂಡಿ ಕೊಟ್ಟೆ. ನನ್ನ ಮನೆಯಿಂದ ಅವನ ಮಂಚಕ್ಕೆ 40 ಹೆಜ್ಜೆ. ದಿನಕ್ಕೆ ನಾಲ್ಕು ಸಲ, ಯಾಮಿಲೆ ಹೊರಗೆ ಹೋದ ಹೊತ್ತು ನೋಡಿ ಹೋಗುತ್ತಿದ್ದೆ. ಅವಳ ಮುಖ ನೋಡಬಾರದಲ್ಲ.

ಬುಧವಾರ ಸಂಜೆ 4.20ಕ್ಕೆ ಅವನು ಲೋಟ ಹಿಡಿದು, ಅಕ್ಕ, ಅವಳು ಕೊಡೋದೂ ಕಹಿ, ನೀನು ಕೊಡೋದೂ ಕಹಿ, ಕಡೆಗೆ ಕಹಿಯಲ್ಲಾದರೂ ನೀವಿಬ್ಬರು ಒಂದಾದಿರಲ್ಲ ಅಂತ ನಕ್ಕ. ಜ್ವರದ ಬಾಯಿಗೆ ಜೇನೂ ಕಹಿಯೇ, ಸುಮ್ಮನೆ ಕುಡಿ ಅಂತ ಗದರಿದೆ. ಇನ್ನೊಂದು ತುಂಡು ಬೆಲ್ಲ ಹಾಕಿದೆ. ಕುಡಿದ.

ಗುರುವಾರ ವಾಂತಿ. ಶುಕ್ರವಾರ ಕಣ್ಣು ಹಳದಿ. ಆಸ್ಪತ್ರೆಗೆ 23 ಕಿಲೋಮೀಟರು. ಹಾಲಿನ ಲಾರಿಯಲ್ಲಿ ನಾನೂ ಯಾಮಿಲೆಯೂ ಅವನ ಆಚೆ ಈಚೆ ಕೂತೆವು. ಭಾನುವಾರ ಬೆಳಿಗ್ಗೆ 9.05ಕ್ಕೆ ತೀರಿಕೊಂಡ. ಲಿವರ್ ಹೋಗಿದೆ, ಏನು ಕೊಟ್ಟಿರಿ ಅಂತ ವೈದ್ಯರು ಕೇಳಿದರು. ಯಾಮಿಲೆ ಜೇಬಿನಿಂದ ಹಳದಿ ನೆಗಡಿ ಮಾತ್ರೆ ತೆಗೆದು ತೋರಿಸಿದಳು. ಅವಳೂ ದಿನಕ್ಕೆ ಎಂಟು, ಅವಳೂ ಬೆಲ್ಲದ ನೀರಿನಲ್ಲೇ. ನಾನು ನನ್ನ ಬಿಳಿ ಮಾತ್ರೆ ತೋರಿಸಲಿಲ್ಲ. ಬಣ್ಣ ಬೇರೆಯಾದರೂ ಒಳಗಿನ ಔಷಧಿ ಒಂದೇ, ಒಬ್ಬರದಷ್ಟೇ ಆಗಿದ್ದರೆ ತಡೆದುಕೊಳ್ಳುತ್ತಿದ್ದನೇನೋ ಅಂತ ಆಮೇಲೆ ಅಂಗಡಿಯವನು ಹೇಳಿದ.

ಈಗ ನಾನು ಕುಡಿಯುವ ಬೆಲ್ಲದ ನೀರೂ ಕಹಿ. ಅದರಲ್ಲಿ ಏನೂ ಹಾಕಿಲ್ಲ. ಮೂರು ಸಲ ಚೆಲ್ಲಿ ಹೊಸದಾಗಿ ಕಾಯಿಸಿದೆ, ಕಹಿ. ಸಂಜೆ 4.20 ಆದರೆ ಆ ನಗು ಕೇಳುತ್ತದೆ.

ಅವನು ಕುಡಿದ ನನ್ನ ಲೋಟ ತಂದಿದ್ದೇನೆ, ತೊಳೆದಿಲ್ಲ. ನೀವು ಹಿಡಿದಿಟ್ಟಿರುವ ಯಾಮಿಲೆಯ ಲೋಟದ ಪಕ್ಕ ಇಡಿ. ಅವಳನ್ನು ಇಟ್ಟುಕೊಂಡರೆ ನನ್ನನ್ನೂ ಇಟ್ಟುಕೊಳ್ಳಿ. ಬಿಟ್ಟರೆ ಅವಳಿಗೆ ಹೇಳಿ, ಕೋಳಿ ಅವಳದೇ ಅಂತ.

ಬರೆದದ್ದನ್ನು ಓದಿಸಿ ಕೇಳಿದೆ. ನಾನು ಹೇಳಿದ್ದೇ ಇದೆ, ಒಂದು ಮಾತೂ ಸುಳ್ಳಲ್ಲ.

ಸ್ಥಳ: ಎಲ್ ಅಲಿಸೊ ಠಾಣೆ
ದಿನಾಂಕ: 19 ಜುಲೈ 2019
ಸಹಿ: ಎತೆಲ್ವಿನಾ ಸಿಯಾಚೊಕೆ