ಡಾಕ್ಟರ ಮುಂದೆ ಮಲಗಿದ ಕೂಸು

ಟಿಕೋಟಾ ಬಸ್ಸಿಗೆ ಕಾದು ಕಾದು ರಾಜೇಶ್ವರಿಗೆ ಸಾಕಾಗಿತ್ತು. ಪಕ್ಕದ ಕಲ್ಲುಬೆಂಚಿನ ಮೇಲೆ ಕೂತಿದ್ದ ಯಾರೋ ಅತ್ತೆ-ಸೊಸೆಯರ ಮಾತು ಬೇಡವೆಂದರೂ ಅವಳ ಕಿವಿಗೆ ಬೀಳುತ್ತಿತ್ತು. ಸೊಸೆಯ ಮಡಿಲಲ್ಲಿ ಕಾಡಿಗೆ ಬೊಟ್ಟಿನ ಕೂಸು ಗಾಢ ನಿದ್ದೆಯಲ್ಲಿತ್ತು.

“ನೆಟ್‌ವರ್ಕ್ ಸಿಗ್ತೈತಂತ ಜಲನಗರದ ಕಾಕಾರ ಮನಿತನಕ ಬಂದ್ವಿ. ವಿಡಿಯೋ ಕಾಲ್‌ದಾಗ ಡಾಕ್ಟರ್ ನೋಡಿದ್ದೇನ್ರಿ ಅತ್ತಿ? ಮಲಗಿದ್ದ ಕೂಸು.”

“ನಾ ಏನ್ ಮಾಡ್ಲಿ ಕಸ್ತೂರಿ? ದೊಡ್ಡವರ ಮುಂದ ಚಂದ ಕಾಣಲಿ ಅಂತ ಎಣ್ಣಿ ಹಚ್ಚಿ ಬಿಸಿನೀರು ಎರದೆ, ಲೋಬಾನದ ಹೊಗಿ ಹಾಕಿದೆ.”

“ಎರದ್ರ ಕೂಸು ನಿದ್ದಿ ಹೋಗ್ತೈತಿ ಅನ್ನೂದು ನಿಮಗ ಗೊತ್ತಿಲ್ಲೇನ್ರಿ? ಹಾಲು ಹೆಂಗ ಕುಡೀತೈತಿ ತೋರಸ್ರಿ ಅಂದ್ರು ಡಾಕ್ಟರ್. ಅಂಗಾಲ ತಿಕ್ಕಿದ್ರೂ ಕಣ್ಣ ತೆರೀಲಿಲ್ಲ.”

“ಬಾಯಿ ಬದಿಯಿಂದ ಹಾಲೆಲ್ಲಾ ಸೋರ್ತೈತಿ ಅಂತ ಹೇಳಿದ್ಯಲ್ಲವಾ?”

“ಹೇಳಿದೆ. ತೂಕ ಏರವಲ್ದು ಅಂತನೂ ಹೇಳಿದೆ. ಕಣ್ಣಾರೆ ನೋಡದ ಹೆಂಗ ಹೇಳ್ಲಿ ಅಂದ್ರು.”

“ಬುಧವಾರ ಮತ್ತ ನೋಡ್ತಾರಲ್ಲ. ಅವತ್ತ ನಾ ಎರಿಯೂದಿಲ್ಲ ಬಿಡವಾ.”

ಬಸ್ಸು ಹಾರ್ನ್ ಹೊಡೆಯುತ್ತ ಬಂದು ನಿಂತಿತು. ಕೂಸು ಬೆಚ್ಚಿ ಎದ್ದು, ಬಾಯಿ ಅಗಲಿಸಿ ಎದೆಯ ಕಡೆ ಮುಖ ತಿರುವಿ ಅಳತೊಡಗಿತು.

“ಈಗ ಎದ್ದೈತಿ ನೋಡ್ರಿ,” ಎಂದಳು ಕಸ್ತೂರಿ. “ಬುಧವಾರತನಕ ತಡಿ ಅಂತ ಇದಕ್ಕ ಹೆಂಗ ಹೇಳ್ಲಿ?”

ಅತ್ತೆ ಚೀಲ ಎತ್ತಿಕೊಂಡು ಬಸ್ಸಿನ ಕಡೆ ನಡೆದಳು.